ಎಲ್‌ಎಫ್‌ಒ ಜೋಡಿಸಿದರೂ ಸ್ಯಾಂಪಲ್ ಯಾಕೆ ಅಲುಗಾಡಲ್ಲ?

ಪ್ರಶ್ನೆ: ಸರ್, ಸಾಫ್ಟ್‌ವೇರ್ ಸಿಂಥ್‌ನಲ್ಲಿ (ಕಂಪ್ಯೂಟರಿನೊಳಗಿನ ವಾದ್ಯ) 4 ಸೆಕೆಂಡಿನ ಒಂದು ಗಾಯನದ ಸ್ಯಾಂಪಲ್ (ಧ್ವನಿಮುದ್ರಣ) ಹಾಕಿದ್ದೇನೆ. ಸ್ಯಾಂಪಲ್ ಸ್ಟಾರ್ಟ್‌ಗೆ (ಸ್ಯಾಂಪಲ್ ಎಲ್ಲಿಂದ ನುಡಿಯಬೇಕು ಅನ್ನುವ ಜಾಗ) ಎಲ್‌ಎಫ್‌ಒ (ಒಂದು ಸೆಟ್ಟಿಂಗನ್ನು ತಾನಾಗಿಯೇ ನಿಧಾನವಾಗಿ ಏರಿಳಿಸುವ ಅಲೆ) ಜೋಡಿಸಿದೆ. ಕೀ ಒತ್ತಿ ಹಿಡಿದರೆ ಏನೂ ಬದಲಾಗುವುದಿಲ್ಲ. ಮತ್ತೆ ಮತ್ತೆ ಒತ್ತಿದರೆ ಮಾತ್ರ ಬೇರೆ ಬೇರೆ ಜಾಗದಿಂದ ಶುರುವಾಗುತ್ತದೆ, ಜೊತೆಗೆ 'ಟಿಕ್' ಅಂತ ಸದ್ದು. ಸೆಟ್ಟಿಂಗ್ ತಪ್ಪಿದೆಯಾ?

ಉತ್ತರ: ಸೆಟ್ಟಿಂಗ್ ಸರಿಯಾಗಿಯೇ ಇದೆ. ಹೆಚ್ಚಿನ ಸ್ಯಾಂಪ್ಲರ್‌ಗಳು ನೋಟ್ ಶುರುವಾಗುವ ಕ್ಷಣದಲ್ಲಿ ಒಂದೇ ಸಲ ಈ ಸ್ಟಾರ್ಟ್ ಎಲ್ಲಿದೆ ಅಂತ ನೋಡುತ್ತವೆ. ಆಮೇಲೆ ಎಲ್‌ಎಫ್‌ಒ ಎಷ್ಟೇ ಕುಣಿದರೂ ನೋಟ್ ತನ್ನ ಪಾಡಿಗೆ ಓಡುತ್ತದೆ.

ಹಾಗಾಗಿ ಸ್ಟಾರ್ಟ್‌ಗೆ ವೆಲಾಸಿಟಿ, ಅಂದರೆ ಕೀಯನ್ನು ಎಷ್ಟು ಜೋರಾಗಿ ಒತ್ತಿದಿರಿ ಅನ್ನುವುದು, ಒಳ್ಳೆಯ ಜೋಡಿ. ಒಂದು ಡ್ರಮ್ ಸ್ಯಾಂಪಲ್ ತಗೊಳ್ಳಿ. ಸ್ಟಾರ್ಟ್ ಅನ್ನು 15–20 ಮಿಲಿಸೆಕೆಂಡ್ ಒಳಕ್ಕೆ ತಳ್ಳಿ, ವೆಲಾಸಿಟಿಯ ಅಳತೆಯನ್ನು ಮೈನಸ್ ಕಡೆ ಇಡಿ, ಅಂದರೆ ಜೋರಾಗಿ ಒತ್ತಿದಷ್ಟೂ ಸ್ಟಾರ್ಟ್ ಹಿಂದಕ್ಕೆ ಸರಿಯಲಿ. ಜೋರಾಗಿ ಒತ್ತಿದಾಗ ಪೂರ್ತಿ ಏಟು ಕೇಳುತ್ತದೆ, ಮೆಲ್ಲಗೆ ಒತ್ತಿದಾಗ ಏಟಿನ ಚೂಪು ಹೋಗಿ ಬರೀ ಮೈ ಉಳಿಯುತ್ತದೆ. ಸುಮ್ನೆ ವಾಲ್ಯೂಮ್ ಇಳಿಸುವುದಕ್ಕಿಂತ ಇದು ಎಷ್ಟೋ ಸಹಜ.

'ಟಿಕ್' ಬರುವುದು ಅಲೆಯ ನಡುಮಧ್ಯದಿಂದ ಸದ್ದು ಧುತ್ತನೆ ಶುರುವಾಗುವುದರಿಂದ. ಆಂಪ್ ಎನ್ವಲಪ್‌ನ ಅಟ್ಯಾಕ್ ಅನ್ನು (ಸದ್ದು ಸೊನ್ನೆಯಿಂದ ಪೂರ್ತಿ ಜೋರಿಗೆ ಏರಲು ಹಿಡಿಯುವ ಸಮಯ) 2–5 ಮಿಲಿಸೆಕೆಂಡ್ ಮಾಡಿದರೆ ಸಾಕು.

ಪ್ರಶ್ನೆ ಕೇಳಿದವರು: ಅಟ್ಯಾಕ್ ಏರಿಸಿದ ಮೇಲೆ ಟಿಕ್ ಹೋಯ್ತು ಸರ್. ಆದರೆ ನನಗೆ ಬೇಕಿರುವುದು ಕೀ ಹಿಡಿದಿರುವಾಗಲೇ ಸ್ಯಾಂಪಲ್ ಒಳಗೆ ಓಡಾಡುವುದು.

ಉತ್ತರ: ಹಾಗಾದರೆ ಗ್ರ್ಯಾನ್ಯುಲರ್ ಮೋಡ್‌ಗೆ ಹೋಗಿ. ಅದು ಸ್ಯಾಂಪಲ್ ಅನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ ನುಡಿಸುತ್ತದೆ. ಅಲ್ಲಿ ಪೊಸಿಷನ್ (ತುಣುಕನ್ನು ಸ್ಯಾಂಪಲ್‌ನ ಯಾವ ಜಾಗದಿಂದ ತೆಗೆಯಬೇಕು) ಅನ್ನುವುದನ್ನು ಸಿಂಥ್ ಪ್ರತಿ ತುಣುಕಿಗೂ ಹೊಸದಾಗಿ ನೋಡುತ್ತದೆ.

ಪೊಸಿಷನ್ ಸೊನ್ನೆಯಲ್ಲಿಡಿ. ಮೇಲೇರುವ ಸಾ (saw, ಗರಗಸದ ಹಲ್ಲಿನ) ಆಕಾರದ ಎಲ್‌ಎಫ್‌ಒ ಜೋಡಿಸಿ, ಯೂನಿಪೋಲಾರ್ (ಸೊನ್ನೆಯಿಂದ ಮೇಲಕ್ಕೆ ಮಾತ್ರ), ಪೂರ್ತಿ ಅಳತೆ, ಕೀ ಒತ್ತಿದಾಗ ಮೊದಲಿನಿಂದ ಶುರುವಾಗುವಂತೆ. ನಿಮ್ಮದು 4 ಸೆಕೆಂಡಿನ ಸ್ಯಾಂಪಲ್ ಅಲ್ವಾ, ರೇಟ್ 0.25 ಹರ್ಟ್ಸ್ (4 ಸೆಕೆಂಡಿಗೆ ಒಂದು ಸುತ್ತು) ಇಟ್ಟರೆ ಮೂಲ ವೇಗದಲ್ಲೇ ಹಾಡುತ್ತದೆ. 0.125 ಇಟ್ಟರೆ ಅರ್ಧ ವೇಗ, ಶ್ರುತಿ ಮಾತ್ರ ಕದಲುವುದಿಲ್ಲ.

ಇಲ್ಲಿ ನಿಜವಾದ ಮಜಾ ಇದೆ. ಎಲ್‌ಎಫ್‌ಒ ಗೆರೆ ಎಷ್ಟು ಕಡಿದಾಗಿ ಏರುತ್ತದೋ ಅದೇ ನಿಮ್ಮ ವೇಗ. ಗೆರೆ ಚಪ್ಪಟೆಯಾದರೆ ಸದ್ದು ಅಲ್ಲೇ ನಿಲ್ಲುತ್ತದೆ, ಇಳಿದರೆ ಹಿಂದಕ್ಕೆ ನಡೆಯುತ್ತದೆ. ಗಾಯನವನ್ನು ನಿಧಾನ ಮಾಡಿದಾಗ 'ಆ', 'ಈ' ಚೆನ್ನಾಗಿ ಎಳೆದುಕೊಳ್ಳುತ್ತವೆ. 'ತ', 'ಕ' ಮಾತ್ರ ತೊದಲುತ್ತವೆ. ಅದಕ್ಕೆ ಸಾ ಬಿಟ್ಟು ಆಕಾರವನ್ನು ಕೈಯಲ್ಲೇ ಬರೆಯಿರಿ. 'ತ' ಬರುವ ಜಾಗದಲ್ಲಿ ಗೆರೆ ಮೂಲ ವೇಗದಷ್ಟೇ ಏರಲಿ, 'ಆ' ಬಂದಾಗ ಮಲಗಲಿ. ಸ್ವಲ್ಪ ತಾಳ್ಮೆ ಬೇಡುವ ಕೆಲಸ, ಆದರೆ ಯಾವ ರೆಡಿಮೇಡ್ ಪ್ರಿಸೆಟ್ಟೂ ಇದನ್ನು ನಿಮ್ಮ ಸ್ಯಾಂಪಲ್‌ಗೆ ಮಾಡಿಕೊಡಲ್ಲ. ತುಣುಕಿನ ಉದ್ದ 60–100 ಮಿಲಿಸೆಕೆಂಡ್‌ನಿಂದ ಶುರು ಮಾಡಿ. ತೀರಾ ಚಿಕ್ಕದಾದರೆ ದುಂಬಿ ಗುಂಯ್‌ಗುಟ್ಟಿದ ಹಾಗಿರುತ್ತದೆ.

ಇನ್ನೊಬ್ಬ ಸದಸ್ಯರು: ಎಲ್‌ಎಫ್‌ಒ ಬದಲು ಮಾಡ್ ವೀಲ್‌ನಿಂದ (ಕೀಬೋರ್ಡಿನ ಪಕ್ಕದಲ್ಲಿರುವ ಚಕ್ರ) ಪೊಸಿಷನ್ ಓಡಿಸುತ್ತಿದ್ದೇನೆ. ಜಾರುವ ಬದಲು ಜಿಗಿಯುತ್ತದೆ. ಕಂಪ್ಯೂಟರ್ ನಿಧಾನವಾ?

ಉತ್ತರ: ಕಂಪ್ಯೂಟರ್ ಪಾಪ ಏನೂ ಮಾಡಿಲ್ಲ. ಸಾಮಾನ್ಯವಾಗಿ ವೀಲ್ ಕೊಡುವುದು 0ಯಿಂದ 127ರವರೆಗಿನ ಅಂಕಿ ಮಾತ್ರ. 4 ಸೆಕೆಂಡನ್ನು ಅಷ್ಟಕ್ಕೆ ಹಂಚಿದರೆ ಒಂದೊಂದು ಜಿಗಿತ ಸುಮಾರು 31 ಮಿಲಿಸೆಕೆಂಡ್. ಸ್ಮೂತ್ ಅಥವಾ ಲ್ಯಾಗ್ (ಜಿಗಿತವನ್ನು ನಯ ಮಾಡುವ ಸೆಟ್ಟಿಂಗ್) ಇದ್ದರೆ 50–100 ಮಿಲಿಸೆಕೆಂಡ್ ಕೊಡಿ. ಇಲ್ಲದಿದ್ದರೆ ಅಳತೆಯನ್ನು ಕಾಲು ಭಾಗಕ್ಕೆ ಇಳಿಸಿ, ಜಿಗಿತ 8 ಮಿಲಿಸೆಕೆಂಡ್‌ಗೆ ಬರುತ್ತದೆ.

ಅದೇ ಸದಸ್ಯರು: ಲೂಪ್ ಸ್ಟಾರ್ಟ್‌ಗೂ (ಸ್ಯಾಂಪಲ್‌ನಲ್ಲಿ ಮತ್ತೆ ಮತ್ತೆ ಸುತ್ತುವ ಭಾಗ ಶುರುವಾಗುವ ಜಾಗ) ಇದೇ ತರ ಮಾಡಬಹುದಾ?

ಉತ್ತರ: ನಿಮ್ಮ ಸಿಂಥ್ ಅವಕಾಶ ಕೊಟ್ಟರೆ ಮಾಡಬಹುದು. ಆದರೆ ಲೂಪ್ ಚಿಕ್ಕದಾಗುತ್ತಾ ಹೋದಂತೆ ಅದೇ ಒಂದು ಸ್ವರವಾಗಿಬಿಡುತ್ತದೆ. 44,100 ಹರ್ಟ್ಸ್ ಫೈಲಿನಲ್ಲಿ (ಅಂದರೆ ಸೆಕೆಂಡಿಗೆ 44,100 ಬಿಂದುಗಳು) 100 ಬಿಂದು ಉದ್ದದ ಲೂಪ್ ಮೂಲ ವೇಗದಲ್ಲಿ ಸೆಕೆಂಡಿಗೆ 441 ಸಲ ಸುತ್ತುತ್ತದೆ. ಶ್ರುತಿ ಹಾಗೇ ಇರಬೇಕು ಅಂದರೆ ಲೂಪಿನ ಎರಡೂ ತುದಿಗೆ ಒಂದೇ ಮಾಡ್ಯುಲೇಶನ್ (ಎಲ್‌ಎಫ್‌ಒ ಅಥವಾ ವೀಲ್) ಅನ್ನು ಒಂದೇ ಅಳತೆಯಲ್ಲಿ ಕೊಡಿ. ಆಗ ಉದ್ದ ಬದಲಾಗದೆ ಲೂಪ್ ಪೂರ್ತಿಯಾಗಿ ಸರಿಯುತ್ತದೆ.