ಪದಚರ್ಚೆ: ಲಾರಿಗೆ ‘ಹೆಚ್ಚಿನ ಅನುಪಾತ’ ಎಂದರೆ ಯಾವುದು?

ವ. ಶ್ರೀ. ಅವರ ಪ್ರಶ್ನೆ

ಬಳಗದವರಿಗೆ ನಮಸ್ಕಾರ.

ಲಾರಿ ಮಾಲೀಕರಿಗೂ ಚಾಲಕರಿಗೂ ಹಂಚುವ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹೆದ್ದಾರಿಯಲ್ಲಿ ಡೀಸೆಲ್ ಉಳಿಯಬೇಕಾದರೆ ಹಿಂದಿನ ಆಕ್ಸಲ್‌ಗೆ, ಅಂದರೆ ಹಿಂಬದಿಯ ಚಕ್ರಗಳನ್ನು ತಿರುಗಿಸುವ ದಂಡಕ್ಕೆ, ಎಂಥ ಗೇರ್ ಅನುಪಾತ ಇರಬೇಕು ಎಂಬುದು ವಿಷಯ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು, ನಾನು ಒಂದೇ ವಾಕ್ಯದಲ್ಲಿ ಎರಡು ದಿನದಿಂದ ಕುಳಿತಿದ್ದೇನೆ.

ಯಂತ್ರ ಗೊತ್ತಿಲ್ಲದವರಿಗಾಗಿ: ಎಂಜಿನ್ ಕಡೆಯಿಂದ ಬರುವ ಶಾಫ್ಟ್‌ನ ತುದಿಯಲ್ಲಿ ಪಿನಿಯನ್ ಎಂಬ ಚಿಕ್ಕ ಗೇರ್ ಇರುತ್ತದೆ, ಅದು ಕ್ರೌನ್ ಎಂಬ ದೊಡ್ಡದನ್ನು ತಿರುಗಿಸುತ್ತದೆ. ಕ್ರೌನ್‌ಗೆ 41 ಹಲ್ಲು, ಪಿನಿಯನ್‌ಗೆ 10 ಹಲ್ಲು ಇದ್ದರೆ ಅನುಪಾತ 4.10. ಅಂದರೆ ಚಕ್ರ ಒಂದು ಸುತ್ತು ಬರಲು ಶಾಫ್ಟ್ ನಾಲ್ಕು ಸುತ್ತಿಗೂ ತುಸು ಹೆಚ್ಚು ತಿರುಗಬೇಕು. 37 ಮತ್ತು 12 ಹಲ್ಲಿನ ಜೋಡಿಯಾದರೆ 3.08. ಮೊದಲನೆಯದು ಭಾರ ಎಳೆಯುವುದಕ್ಕೆ, ಎರಡನೆಯದು ಹೆದ್ದಾರಿಯ ಓಟಕ್ಕೆ.

ತೊಡಕು ಇಂಗ್ಲಿಷ್ ಮೂಲದ್ದು. ಒಂದು ಪುಟದಲ್ಲಿ 3.08 ಅನ್ನು ‘ಎತ್ತರದ’ ಗೇರ್ ಎನ್ನುತ್ತದೆ, ಎರಡು ಪುಟ ಕಳೆದ ಮೇಲೆ ಅದನ್ನೇ ‘ಕಡಿಮೆ’ ಅನುಪಾತ ಎನ್ನುತ್ತದೆ. ನಾನು ‘ಹೆದ್ದಾರಿಗೆ ಎತ್ತರದ ಅನುಪಾತ ಆರಿಸಿ’ ಎಂದು ಬರೆದರೆ ಓದಿದವರು ದೊಡ್ಡ ಅಂಕಿ ಎಂದು ತಿಳಿದು 4.10 ಹಾಕಿಸುತ್ತಾರೆ. ಉಳಿಯಬೇಕಾದ ಡೀಸೆಲ್ ಇನ್ನಷ್ಟು ಸುಡುತ್ತದೆ. ಈ ಎರಡಕ್ಕೂ ಗೊಂದಲವಿಲ್ಲದ ಎರಡು ಕನ್ನಡ ಪದ ಬೇಕು. ಜೊತೆಗೆ ಆಕ್ಸಲ್‌ಗೆ ಏನು ಹಾಕಲಿ, ಅಕ್ಷವೇ, ಅಚ್ಚೇ?

ಹೆ. ನಾ.

ಅಕ್ಷವೂ ಬೇಡ, ಆಕ್ಸಲ್ಲೂ ಬೇಡ. ‘ಇರುಸು’ ಎಂಬ ಪದ ಇರುವಾಗ ಪ್ರಶ್ನೆಯೇ ಏಳಬಾರದಿತ್ತು. ತಮಿಳಿನಲ್ಲೂ ಇರುಸು, ತೆಲುಗಿನಲ್ಲೂ ಇರುಸು; ನಾವು ಮಾತ್ರ ಮರೆತು ಕುಳಿತಿದ್ದೇವೆ. ಗೇರ್‌ಗೆ ‘ಹಲ್ಲುಗಾಲಿ’. ಅನುಪಾತ ಎಂಬುದು ಶಾಲೆಯ ಗಣಿತದ ಹೊರೆ. ಇಲ್ಲಿ ಎಣಿಸುತ್ತಿರುವುದು ಸುತ್ತುಗಳನ್ನು, ಆದ್ದರಿಂದ ‘ಸುತ್ತೆಣಿಕೆ’ ಎನ್ನಿ. ‘ಹಿಂಬದಿ ಇರುಸಿನ ಸುತ್ತೆಣಿಕೆ’. ಇಷ್ಟು ಅಂದವಾದ ಮಾತನ್ನು ಬಿಟ್ಟು ಲಾರಿಯವರಿಗೆ ಸಂಸ್ಕೃತ ಕಲಿಸಲು ಹೊರಟಿದ್ದೀರಿ. ನೀವು ಕೇಳಿದ ಜೋಡಿಪದಗಳು: ಮೇಲ್ಸುತ್ತು, ಕೆಳಸುತ್ತು.

ಪ. ರಾ.

3.08 ಮೇಲ್ಸುತ್ತೋ ಕೆಳಸುತ್ತೋ? ಕೇಳಿದ ಪ್ರಶ್ನೆ ಅದೇ ಅಲ್ಲವೇ.

ಗು. ಭ.

ಹೆ. ನಾ. ಅವರು ‘ಅಚ್ಚು’ ಪದವನ್ನು ನೋಡಿಯೂ ನೋಡದಂತೆ ದಾಟಿಹೋದರು. ಗಾಡಿಯ ಅಚ್ಚು ಇಂದಿಗೂ ಬಳಕೆಯಲ್ಲಿದೆ. ಅದು ‘ಅಕ್ಷ’ದ ತದ್ಭವ. ಇಂಗ್ಲಿಷಿನ ಆಕ್ಸಲ್, ಲ್ಯಾಟಿನ್ನಿನ ಆಕ್ಸಿಸ್, ಸಂಸ್ಕೃತದ ಅಕ್ಷ ಮೂರೂ ಒಂದೇ ಬೇರಿನ ಚಿಗುರುಗಳು. ಆಕ್ಸಲ್ ಎಂದರೂ ಅಚ್ಚು ಎಂದರೂ ದೂರದ ದಾಯಾದಿಗಳನ್ನೇ ಕರೆದಂತಾಯಿತು. ಜಗಳಕ್ಕೆ ಜಾಗವಿಲ್ಲ.

ಹೆ. ನಾ.

ಜಾಗ ಇದೆ. ‘ಕ್ಷ’ ತದ್ಭವದಲ್ಲಿ ‘ಕ್ಕ’ ಆಗುತ್ತದೆ: ಪಕ್ಷ-ಪಕ್ಕ, ಯಕ್ಷ-ಜಕ್ಕ, ಅಕ್ಷರ-ಅಕ್ಕರ. ಅಕ್ಷ ಹಾಗಾದರೆ ‘ಅಕ್ಕ’ ಆಗಬೇಕಿತ್ತು. ಅಚ್ಚು ನಮ್ಮದೇ ಪದ.

ಗು. ಭ.

ಲಕ್ಷ್ಮಿ ಲಚ್ಚಿ ಆದದ್ದು ಮರೆತುಹೋಯಿತೇ? ಪ್ರಾಕೃತದಲ್ಲಿ ಎರಡು ದಾರಿಗಳೂ ಇವೆ. ಒಂದನ್ನು ಮಾತ್ರ ಸೂತ್ರ ಮಾಡಿಕೊಂಡು ಬಂದರೆ ನಾನೇನು ಮಾಡಲಿ.

ಪ. ರಾ.

ಅಚ್ಚು ಎಲ್ಲಿಂದ ಬಂದದ್ದೋ, ‘ಹಿಂದಿನ ಅಚ್ಚು’ ಎಂದು ಒಮ್ಮೆ ಬರೆದು ಓದಿ ನೋಡಿ. ನನಗೆ ಪುಸ್ತಕದ ಹಿಂದಿನ ಮುದ್ರಣ ಎಂದೇ ಕೇಳಿಸುತ್ತದೆ. ‘ಹಿಂದಿನ ಅಚ್ಚಿನಲ್ಲಿ ತಪ್ಪುಗಳಿವೆ’ ಎಂದರೆ ಲಾರಿಯನ್ನು ಗ್ಯಾರೇಜಿಗೆ ಒಯ್ಯಬೇಕೋ, ಪ್ರಕಾಶಕರಿಗೆ ಪತ್ರ ಬರೆಯಬೇಕೋ? ‘ಹಿಂದಿನ’ ಎನ್ನುವುದೇ ಅಪಾಯದ ಪದ. ‘ಹಿಂದಿನ ಅನುಪಾತ’ ಎಂದರೆ ಮೊದಲಿದ್ದ ಅನುಪಾತ ಎಂದಾಗುತ್ತದೆ. ‘ಹಿಂಗಾಲಿ’ ಎನ್ನೋಣವೆಂದರೆ ಅಚ್ಚುಮೊಳೆ ಜೋಡಿಸುವವರ ಕೈತಪ್ಪಿ ಅದು ‘ಹಿಂಗಾಲು’ ಆಗಿಬಿಟ್ಟೀತು.

ಮ. ಕು.

ನಾನು ಇಲ್ಲಿ ಬರೆಯುವುದು ಅಪರೂಪ. ಭಾಷಾಶಾಸ್ತ್ರ ಓದಿದವನಲ್ಲ, ಬದುಕಿನ ಬಹುಪಾಲು ಹಿಂಬದಿ ಆಕ್ಸಲ್‌ಗಳ ಹೊಟ್ಟೆ ಬಿಚ್ಚಿದವನು. ಮೇಡಂ, ನಿಮಗೆ ಬೇಕಾದದ್ದು ನಾಮಪದವೇ ಅಲ್ಲ. ಅನುಪಾತ ಎಂದರೂ ಸುತ್ತೆಣಿಕೆ ಎಂದರೂ ಲಾರಿ ಓಡುತ್ತದೆ. ಓದುವವರನ್ನು ಕೆಡವುವುದು ಅದರ ಹಿಂದಿನ ಗುಣವಾಚಕ. ಹೆಚ್ಚು, ಕಡಿಮೆ, ಎತ್ತರ, ತಗ್ಗು ನಾಲ್ಕನ್ನೂ ಕೈಪಿಡಿಯಿಂದ ಅಳಿಸಿ.

ಲೆಕ್ಕ ಹೀಗಿದೆ. ದೊಡ್ಡ ಲಾರಿಯ ಟೈರ್ ಒಂದು ಸುತ್ತಿಗೆ ಸುಮಾರು 3.2 ಮೀಟರ್ ಕ್ರಮಿಸುತ್ತದೆ ಎಂದುಕೊಳ್ಳಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅದು ನಿಮಿಷಕ್ಕೆ ಸುಮಾರು 417 ಸುತ್ತು ಬರುತ್ತದೆ. ಟಾಪ್ ಗೇರ್ ನೇರ, ಅಂದರೆ ಒಂದಕ್ಕೆ ಒಂದು ಇದ್ದರೆ, 4.10ರ ಜೋಡಿಯಲ್ಲಿ ಎಂಜಿನ್ ನಿಮಿಷಕ್ಕೆ 1700 ಸುತ್ತಿನ ಆಸುಪಾಸಿನಲ್ಲಿರುತ್ತದೆ, 3.08ರಲ್ಲಿ 1280ರ ಆಸುಪಾಸಿನಲ್ಲಿ. ಅದೇ ರಸ್ತೆ, ಅದೇ ವೇಗ, ಎಂಜಿನ್ ಮಾತ್ರ ಕಾಲುಭಾಗ ನಿಧಾನ. ನಿಧಾನವಾದಷ್ಟೂ ಒಳಗಿನ ಘರ್ಷಣೆಗೆ ಹೋಗುವ ಡೀಸೆಲ್ ಕಡಿಮೆ. ಉಳಿತಾಯ ಬರುವುದು ಹೀಗೆ.

ಆದರೆ 3.08 ಎಲ್ಲರಿಗೂ ಒಳ್ಳೆಯದು ಎಂದು ಮಾತ್ರ ಬರೆಯಬೇಡಿ. ತುಂಬಿದ ಲಾರಿ ಏರಿನಲ್ಲಿ ನಿಂತು ಹೊರಡುವಾಗ ಕ್ಲಚ್ ಸುಟ್ಟ ವಾಸನೆ ಬಂದರೆ ಜೋಡಿ ಆ ಕೆಲಸಕ್ಕೆ ಹೊಂದಿಲ್ಲ ಎಂದೇ ಅರ್ಥ. ಏರಿಗೊಮ್ಮೆ ಗೇರ್ ಇಳಿಸುತ್ತಲೇ ಇರಬೇಕಾಗಿ ಬಂದರೆ ಉಳಿಸಿದ್ದೆಲ್ಲ ಅಲ್ಲಿಯೇ ಕರಗುತ್ತದೆ. ಇನ್ನೊಂದು ಸಂಗತಿಯನ್ನು ಬಹಳ ಜನ ಮರೆಯುತ್ತಾರೆ: ಚಕ್ರಕ್ಕೆ ಅದೇ ಬಲ ಮುಟ್ಟಬೇಕಾದರೆ 3.08ರ ಶಾಫ್ಟ್ 4.10ರದ್ದಕ್ಕಿಂತ ಸುಮಾರು ಮೂರನೇ ಒಂದು ಭಾಗ ಹೆಚ್ಚು ತಿರುಚುಬಲ ಹೊರಬೇಕು. ಹಳೆಯ ಶಾಫ್ಟ್‌ಗೆ ಹೊಸ ಜೋಡಿ ಹಾಕಿದವರು ಜಾಯಿಂಟ್ ಮುರಿದುಕೊಂಡು ಬಂದದ್ದನ್ನು ಕಂಡಿದ್ದೇನೆ. ಟೈರಿನ ಅಳತೆ ಬದಲಾಯಿಸಿದರಂತೂ ಹಲ್ಲು ಮುಟ್ಟದೆಯೇ ಅನುಪಾತ ಬದಲಾಯಿಸಿದಂತೆ.

ಪದ ಬೇಕೇ ಬೇಕೆಂದರೆ, ಕೆಲಸದಿಂದ ಹೆಸರಿಡಿ. 3.08 ‘ಓಟದ ಜೋಡಿ’, 4.10 ‘ಎಳೆತದ ಜೋಡಿ’. ಪ್ರತಿ ಸಲವೂ ಪಕ್ಕದಲ್ಲಿ ಹಲ್ಲಿನ ಲೆಕ್ಕ ಬರೆಯಿರಿ, 37/12, 41/10 ಎಂದು. ಹಲ್ಲು ಎಣಿಸಲು ಯಾವ ಭಾಷೆಯೂ ಬೇಡ.

ಕೊನೆಗೆ ಹೆ. ನಾ. ಅವರಿಗೆ ಒಂದು ಮಾತು: ‘ಸುತ್ತೆಣಿಕೆ’ ನಿಜಕ್ಕೂ ಚೆನ್ನಾಗಿದೆ. ‘ಇರುಸು’ ಕೇಳಿ ನಮ್ಮ ಹುಡುಗರು ಇರುಸುಮುರುಸಾದರು.

ಹೆ. ನಾ.

ತಮಾಷೆ ಸಾಕು. ಬಳಸದಿದ್ದರೆ ಯಾವ ಪದ ತಾನೇ ಪರಿಚಯವಾಗುತ್ತದೆ? ಬಾಗಿಲಲ್ಲೇ ತಡೆದು ‘ನಿನ್ನನ್ನು ಯಾರೂ ಬಲ್ಲವರಿಲ್ಲ’ ಎಂದರೆ ಅದು ಒಳಗೆ ಬರುವುದು ಹೇಗೆ? ಲಾರಿಯವರಿಗೆ ಆಕ್ಸಲ್ ಅರ್ಥವಾಗುತ್ತದೆ ಎಂದು ಆಕ್ಸಲ್, ಬ್ಯಾಂಕಿನವರಿಗೆ ಅರ್ಥವಾಗುತ್ತದೆ ಎಂದು ಅಲ್ಲಿಯದು. ಹೀಗೆಯೇ ಹೋದರೆ ಕನ್ನಡಕ್ಕೆ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಪ. ರಾ.

ನೀವೇ ಎರಡು ಸಲ ‘ಲಾರಿ’ ಎಂದು ಬರೆದಿದ್ದೀರಿ. ಅದು ಯಾವ ಹಳಗನ್ನಡ?

ಹೆ. ನಾ.

ಲಾರಿ ಕನ್ನಡವೇ ಆಗಿಹೋಗಿದೆ.

ಗು. ಭ.

ಆಗಿಹೋಗಲು ಯಾರ ಅಪ್ಪಣೆ ಪಡೆಯಿತು? ಕುರ್ಚಿ ಅರಬ್ಬಿಯಿಂದ ಬಂತು, ಚಾವಿ ಪೋರ್ಚುಗೀಸಿನಿಂದ. ಕುಳಿತವರೂ ಬೀಗ ತೆಗೆದವರೂ ಮೂಲ ಕೇಳಲಿಲ್ಲ. ಆದರೆ ‘ಗೇರ್’ ವಿಷಯದಲ್ಲಿ ನನ್ನದೊಂದು ತಕರಾರಿದೆ: ಷಷ್ಠಿಯಲ್ಲಿ ‘ಗೇರಿನ’ ಎಂದು ಬರೆದರೆ ಗೋಡಂಬಿಯ ಗೇರು ಮರವೇ ಕಣ್ಣ ಮುಂದೆ ನಿಲ್ಲುತ್ತದೆ. ‘ಗೇರ್‌ನ’ ಎಂದೇ ಇರಲಿ, ಅಥವಾ ‘ಗಿಯರ್’ ಎನ್ನಿ.

ಪ. ರಾ.

ಗಿಯರ್ ನೋಡಿದರೆ ನನಗೆ ಮೈ ಉರಿಯುತ್ತದೆ. ಆದರೆ ಅದು ಇನ್ನೊಂದು ದಿನದ ಚರ್ಚೆ.

ವ. ಶ್ರೀ.

ಎಲ್ಲರಿಗೂ ಕೃತಜ್ಞತೆಗಳು. ಮ. ಕು. ಅವರೇ, ನಿಮ್ಮ ಪತ್ರ ಓದಿದ ಮೇಲೆ ನಾಲ್ಕು ಗುಣವಾಚಕಗಳನ್ನೂ ಹುಡುಕಿ ಅಳಿಸಿದೆ. ಒಟ್ಟು ಹನ್ನೊಂದು ಕಡೆ ಇದ್ದವು, ಅದರಲ್ಲಿ ಎರಡು ಕಡೆ ನಾನೇ ತಲೆಕೆಳಗು ಮಾಡಿದ್ದೆ. ಈಗ ಆ ವಾಕ್ಯ ಹೀಗಿದೆ:

‘ಹೆಚ್ಚಿನ ದಾರಿ ಸಮತಟ್ಟಾದ ಹೆದ್ದಾರಿಯೇ ಆಗಿದ್ದರೆ ಹಿಂಬದಿ ಆಕ್ಸಲ್‌ಗೆ ಓಟದ ಜೋಡಿ (37/12 ಹಲ್ಲು, ಅನುಪಾತ 3.08) ಹಾಕಿಸಿ. ಏರುದಾರಿಯಲ್ಲಿ ತುಂಬಿದ ಲಾರಿ ಓಡಿಸುವವರಿಗೆ ಎಳೆತದ ಜೋಡಿ (41/10 ಹಲ್ಲು, ಅನುಪಾತ 4.10) ಹೊಂದುತ್ತದೆ. ಅನುಪಾತ ಎಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟ್‌ನ ಸುತ್ತೆಣಿಕೆ.’

ಹೆ. ನಾ. ಅವರೇ, ನಿಮ್ಮ ಪದ ಕೊನೆಯ ಸಾಲಿನಲ್ಲಿದೆ. ಶಾಫ್ಟ್ ಬದಲಾಯಿಸುವ ಬಗ್ಗೆ ಬೇರೆ ಎಚ್ಚರಿಕೆಯ ಚೌಕಟ್ಟನ್ನೂ ಸೇರಿಸಿದ್ದೇನೆ. ಬೆಳಿಗ್ಗೆ ಮುದ್ರಣಕ್ಕೆ ಕಳುಹಿಸುತ್ತೇನೆ.

ಹೆ. ನಾ.

ಒಂದು ಪದ ಉಳಿಸಿ ಆಕ್ಸಲ್, ಶಾಫ್ಟ್, ಅನುಪಾತ ಮೂರನ್ನೂ ಇಟ್ಟುಕೊಂಡಿದ್ದೀರಿ. ಕೃತಜ್ಞತೆಯ ಪುಟದಲ್ಲಿ ನನ್ನ ಹೆಸರು ಹಾಕಬೇಡಿ.