ಸಹಾಯ ಬೇಕು: ಹಳೇ ಕಮೋಡ್‌ಗೆ 6 ಲೀಟರ್ ಫ್ಲಶ್ ಟ್ಯಾಂಕ್ ಸಾಕಾಗುತ್ತದಾ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲಿ ನಮ್ಮದೊಂದು ಹಳೇ ಕಟ್ಟಡ. ಕೆಳಗೆ ಅಂಗಡಿಗಳು, ಮೇಲೆ ಬಾಡಿಗೆ ಮನೆಗಳು. ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಡುತ್ತದೆ, ಆಮೇಲೆ ಟ್ಯಾಂಕರ್ ನೀರೇ ಗತಿ. ಟಾಯ್ಲೆಟ್‌ಗಳಲ್ಲಿ ಮಾತ್ರ ಇನ್ನೂ 10 ಲೀಟರ್‌ನ ಫ್ಲಶ್ ಟ್ಯಾಂಕ್. ಮೂತ್ರಕ್ಕೆ ಹೋಗಿ ಬಂದರೂ ಅರ್ಧ ಬಕೆಟ್ ನೀರು ಸುಮ್ನೆ ಹೋಗುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಫ್ಲಶ್‌ಗೆ ಹೋಗೋ ನೀರು ಕಡಿಮೆ ಆಗಲಿ ಅಂತ ಟ್ಯಾಂಕ್ ಒಳಗೆ ನೀರು ತುಂಬಿದ ಬಾಟಲಿ ಇಟ್ಟು ನೋಡಿದೆ. ಬಾಲ್ ವಾಲ್ವ್ ತಗ್ಗಿಸಿಯೂ ನೋಡಿದೆ. ಪೂರ್ತಿ ಕ್ಲೀನ್ ಆಗದೆ ಎಲ್ಲರೂ ಎರಡೆರಡು ಸಲ ಒತ್ತುತ್ತಾರೆ. ಉಳಿತಾಯ ಎಲ್ಲಿ ಬಂತು?

ಈಗ 3/6 ಲೀಟರ್‌ನ ಡ್ಯುಯಲ್ ಫ್ಲಶ್ (ಮೂತ್ರಕ್ಕೆ 3 ಲೀಟರ್, ಮಲಕ್ಕೆ 6 ಲೀಟರ್ ಬಿಡೋ ಟ್ಯಾಂಕ್) ಹಾಕಿಸೋಣ ಅಂತಿದ್ದೇನೆ. ಗೊಂದಲ ಇರೋದು ಇಲ್ಲೇ. ಟ್ಯಾಂಕ್ ಬದಲಾಯಿಸಿದರೆ ಸಾಕು ಅನ್ನುತ್ತಾರೆ ಪ್ಲಂಬರ್. ಹಳೇ ಕಮೋಡ್ ಮಾಡಿದ್ದೇ 10 ಲೀಟರ್‌ಗೆ, 6 ಲೀಟರ್ ಬಿಟ್ಟರೆ ಕಟ್ಟಿಕೊಳ್ಳುತ್ತದೆ, ಅದನ್ನೂ ಬದಲಿಸಿ ಅನ್ನುತ್ತಾರೆ ಸ್ಯಾನಿಟರಿ ಅಂಗಡಿಯವರು. ನಮ್ಮದು ಎಸ್ ಟ್ರ್ಯಾಪ್, ಪೈಪ್ ನೆಲದೊಳಗೆ ಹೋಗುತ್ತದೆ. ಕಮೋಡ್ ಕಿತ್ತರೆ ಟೈಲ್ಸ್ ಕೂಡ ಒಡೆಯಬೇಕಾಗುತ್ತದೆ, ಅದೂ ಬಾಡಿಗೆದಾರರು ಇರುವಾಗಲೇ.

ಮಾಡಿಸಿ ಅನುಭವ ಇರುವವರು ದಯವಿಟ್ಟು ಹೇಳಿ: ಹಳೇ ಕಮೋಡ್ ಉಳಿಸಿಕೊಂಡು 6 ಲೀಟರ್ ಟ್ಯಾಂಕ್ ಮಾತ್ರ ಹಾಕಿದರೆ ಒಂದೇ ಸಲಕ್ಕೆ ಕ್ಲೀನ್ ಆಗುತ್ತದಾ, ಇಲ್ಲಾ ಎರಡನ್ನೂ ಬದಲಿಸಲೇಬೇಕಾ?