ಸಹಾಯ ಬೇಕು: 'ವಾರ್ಮ್', 'ಲ್ಯೂಕ್‌ವಾರ್ಮ್' ಮಕ್ಕಳಿಗೆ ಹೇಗೆ ಹೇಳಿಕೊಡಲಿ?

ಎಲ್ಲರಿಗೂ ನಮಸ್ಕಾರ. ರಾಯಚೂರಿನಲ್ಲಿ ಸಂಜೆ ಹೊತ್ತು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. 'ಹಾಟ್' ವಿವರಿಸುವುದು ಸುಲಭ. ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ ಅಲ್ವಾ! ಕಷ್ಟ ಇರುವುದು 'ವಾರ್ಮ್', 'ಲ್ಯೂಕ್‌ವಾರ್ಮ್' ಪದಗಳಲ್ಲಿ. ನೀರಿಗಾದರೆ ಬೆಚ್ಚಗೆ, ಉಗುರು ಬೆಚ್ಚಗೆ ಅಂದರೆ ಸಾಕು. ಆದರೆ 'ವಾರ್ಮ್ ವೆಲ್‌ಕಮ್' ಅಂದರೆ ಪ್ರೀತಿಯ ಸ್ವಾಗತ, 'ಲ್ಯೂಕ್‌ವಾರ್ಮ್ ವೆಲ್‌ಕಮ್' ಅಂದರೆ ಮನಸ್ಸಿಲ್ಲದ ಸ್ವಾಗತ. 'ಟೀಚರ್, ಉಗುರು ಬೆಚ್ಚಗಿನ ನೀರು ಗಂಟಲಿಗೆ ಹಿತ. ಸ್ವಾಗತ ಮಾತ್ರ ಯಾಕೆ ಸಪ್ಪೆ?' ಅಂತ ಒಬ್ಬ ಹುಡುಗಿ ಕೇಳಿದಳು. ತುಂಬಾ ಒಳ್ಳೆಯ ಪ್ರಶ್ನೆ, ಅದಕ್ಕೆ ಸರಿಯಾದ ಉತ್ತರ ಕೊಡಲೇಬೇಕು. ಉಗುರು ಬೆಚ್ಚಗೆ ಅಂತಲೇ ಅರ್ಥ ಇರುವ 'ಟೆಪಿಡ್' ಪದವನ್ನೂ ಹೀಗೆಯೇ ಎರಡು ಕಡೆ ಬಳಸುತ್ತಾರೆ. ಇಂಗ್ಲಿಷ್ ಮೇಷ್ಟ್ರುಗಳು ದಯವಿಟ್ಟು ತಿಳಿಸಿ. ಸುಮ್ನೆ ನಿಘಂಟಿನ ಅರ್ಥ ಬೇಡ, ಹಳ್ಳಿ ಮಕ್ಕಳ ಮನಸ್ಸಿಗೆ ನಾಟುವ ಎರಡು ಮೂರು ವಾಕ್ಯ ಕೊಡಿ.